ಮಾಡುವವರ ಸುಖ, ನೋಡುವವರ ಹೆಮ್ಮೆ

೧

ಕನ್ನಡ ವಿಮರ್ಶೆ ಬಹಳ ಕಾಲದಿಂದ ಅಕ್ಕಸಾಲಿಗನ ಸಾಲದಲ್ಲಿದೆ. ಒಳ್ಳೆಯ ಕವಿತೆ ಕಂಡರೆ ನಾವು ಅದನ್ನು ಕುಸುರಿ ಕೆಲಸ ಎನ್ನುತ್ತೇವೆ. ಕವಿಯ ಅನುಭವವೂ ಭಾಷೆಯೂ ಒಂದೇ ಎರಕದಲ್ಲಿ ಬಂದಿವೆ ಎನ್ನುತ್ತೇವೆ. ವಿಚಾರಗಳನ್ನು ಒರೆಗೆ ಹಚ್ಚುತ್ತೇವೆ. ಕಷ್ಟ ಕಂಡು ಗಟ್ಟಿಯಾದ ಮನುಷ್ಯನನ್ನು ಪುಟಕ್ಕಿಟ್ಟ ಚಿನ್ನ ಎಂದು ಹೊಗಳುತ್ತೇವೆ. ಇವೆಲ್ಲ ಕುಲುಮೆಯ ಮುಂದೆ ಬೆನ್ನು ಬಾಗಿಸಿ ಕುಳಿತವರ ಪದಗಳು. ಪದಗಳನ್ನು ತಂದೆವು, ಅವು ಬಂದ ಜಾಗಕ್ಕೆ ಹೋಗಿ ಅಲ್ಲಿ ಅವಕ್ಕೆ ಏನರ್ಥವೆಂದು ಕೇಳಲಿಲ್ಲ.

ಹೀಗಾಗಿ ಕೈಕೆಲಸದ ವಸ್ತುವೊಂದು ನಮ್ಮೆದುರಿಗೆ ಬಂದಾಗ ನಮ್ಮ ಮಾತು ಮೂರೇ ಹೆಜ್ಜೆಗೆ ನಿಲ್ಲುತ್ತದೆ. 'ಕಣ್ಮನ ಸೆಳೆಯುತ್ತದೆ' ಎಂಬುದು ಒಂದು, 'ಅತಿ ಸೂಕ್ಷ್ಮವಾಗಿದೆ' ಎಂಬುದು ಎರಡು, 'ನಮ್ಮ ಭವ್ಯ ಪರಂಪರೆ' ಎಂಬುದು ಮೂರು. ಮೂರೂ ನೋಡುವವರ ಮಾತುಗಳೇ. ಮಾಡುವವರಿಗೆ ಆ ಕೆಲಸದಲ್ಲಿ ಏನು ಸಿಗುತ್ತದೆ, ಯಾವ ಗಳಿಗೆಯಲ್ಲಿ ಸಿಗುತ್ತದೆ, ದಿನಗಟ್ಟಲೆ ಒಂದೇ ಕಡೆ ಕುಳ್ಳಿರಿಸುವ ಸುಖ ಯಾವುದು ಎಂಬ ಪ್ರಶ್ನೆ ನಮ್ಮ ವಿಮರ್ಶೆಯಲ್ಲಿ ಏಳುವುದೇ ಇಲ್ಲ. ಆ ಪ್ರಶ್ನೆಯನ್ನು ಎರಡು ಕೆಲಸಗಳ ಮುಂದೆ ಇಟ್ಟು ನೋಡುವುದು ಈ ಬರಹದ ಉದ್ದೇಶ. ಒಂದು, ತಂತಿಯ ಗೂಡು ಕಟ್ಟಿ ಬಣ್ಣದ ಗಾಜು ತುಂಬಿ ಸುಡುವ ಎನಾಮೆಲ್ ಆಭರಣ. ಇನ್ನೊಂದು, ನಮ್ಮ ಪಕ್ಕದ ಬೀದರಿನ ಬಿದರಿ.

'ನಮ್ಮ ಪಕ್ಕದ' ಎಂದೆ. ಕಾಸರಗೋಡಿನ ಓದುಗರಿಗೆ ನಾನು ಇರುವ ಜಾಗವನ್ನು ಹೇಳಬೇಕು. ನಾಗಲಗಿದ್ದ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಊರು, ನಾರಾಯಣಖೇಡದ ಸೀಮೆ. ಮನೆಮಾತು ಬೀದರ ಕಡೆಯ ಕನ್ನಡ, ಕಚೇರಿ ತೆಲುಗು, ಪೇಟೆಯಲ್ಲಿ ದಖನಿ ಉರ್ದು, ನೆಂಟಸ್ತಿಕೆಯಲ್ಲಿ ಒಂದಿಷ್ಟು ಮರಾಠಿ. ಮದುವೆಯ ಜವಳಿಗೆ, ದೊಡ್ಡ ದವಾಖಾನೆಗೆ ಬೀದರಿಗೆ ಹೋಗುವುದು ನಮ್ಮಲ್ಲಿ ಹಲವು ಮನೆಗಳ ರೂಢಿ. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಆಂಧ್ರಪ್ರದೇಶಕ್ಕೆ ಹೋದವು. ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ಕೂಡ ಹೋದವು. ಅದೇ ದಿನ ದಕ್ಷಿಣ ಕನ್ನಡದ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ನಿಮ್ಮದೂ ನಮ್ಮದೂ ಒಂದೇ ತಾರೀಖಿನ ಕಥೆ. ಈ ವಾರ್ಷಿಕದಲ್ಲಿ ನಾನು ಬರೆಯುವುದಕ್ಕೆ ಅಷ್ಟು ಸಲಿಗೆ ಸಾಕು ಎಂದು ತಿಳಿದಿದ್ದೇನೆ.

೨

ಎನಾಮೆಲ್ ಎಂದರೆ ನಮ್ಮ ಮನೆಗಳಲ್ಲಿ ನೆನಪಾಗುವುದು ನೀಲಿ ಅಂಚಿನ ಬಿಳಿ ತಟ್ಟೆ. ಕೈ ಜಾರಿ ಬಿದ್ದರೆ ಚಕ್ಕೆ ಹಾರಿ ಒಳಗಿನ ಕರಿ ಕಬ್ಬಿಣ ಕಾಣುತ್ತಿತ್ತು. ಲೋಹದ ಮೇಲೆ ಕರಗಿಸಿ ಅಂಟಿಸಿದ ಗಾಜು ಅದು. ಆಭರಣದ ಎನಾಮೆಲ್ಲೂ ಅದೇ. ಉತ್ತರ ಭಾರತದಲ್ಲಿ ಅದಕ್ಕೆ ಮೀನಾ ಎಂದು ಹೆಸರು. ಜೈಪುರದ ಮೀನಾಕಾರರು ಚಿನ್ನದ ತಗಡನ್ನು ಕೊರೆದು ಗುಳಿ ಮಾಡಿ ಅದರಲ್ಲಿ ಬಣ್ಣ ತುಂಬುತ್ತಾರೆ. ಇನ್ನೊಂದು ದಾರಿಯಲ್ಲಿ ಕೊರೆಯುವುದಿಲ್ಲ. ತೆಳು ತಂತಿಯನ್ನು ಚಿಮ್ಮಟದಿಂದ ಬಾಗಿಸಿ ತಗಡಿನ ಮೇಲೆ ನಿಲ್ಲಿಸಿ ಗೂಡು ಕಟ್ಟುತ್ತಾರೆ, ಗೂಡಿಗೊಂದು ಬಣ್ಣ ತುಂಬುತ್ತಾರೆ. ಫ್ರೆಂಚರು ಇದನ್ನು ಕ್ಲ್ವಾಸೊನೇ ಎಂದರು. ನಾನು ತಂತಿಗೂಡಿನ ಮೀನಾ ಎನ್ನುತ್ತೇನೆ.

ಕೇರಳದ ಓದುಗರ ಮನೆಯಲ್ಲಿ ಪಾಲಕ್ಕಾ ಮಾಲೆ ಇರಬಹುದು. ಅದರ ಹಸಿರನ್ನು ಇದರೊಂದಿಗೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಪಾಲಕ್ಕಾದಲ್ಲಿ ಮೊದಲೇ ಆಕಾರ ಪಡೆದ ಹಸಿರು ಕಲ್ಲನ್ನೋ ಗಾಜನ್ನೋ ಚಿನ್ನದ ಮನೆಯಲ್ಲಿ ಕೂಡಿಸುತ್ತಾರೆ. ಮೀನಾದಲ್ಲಿ ಗಾಜು ಪುಡಿಯಾಗಿ ಬಂದು ಆ ಮನೆಯೊಳಗೇ ಕರಗಿ, ಮನೆಯ ಆಕಾರವನ್ನು ತಾನೇ ತಾಳುತ್ತದೆ.

ಈ ಕೆಲಸ ಬಹಳ ಹಳೆಯದು. ಬೈಜಾಂಟಿಯಮ್ಮಿನ ಕುಶಲಿಗಳು ಚಿನ್ನದಲ್ಲಿ ಇದನ್ನು ಮಾಡಿದರು. ಚೀನಾದಲ್ಲಿ ೧೪೪೯ರಿಂದ ೧೪೫೭ರವರೆಗೆ ಆಳಿದ ಜಿಂಗ್ತಾಯ್ ಚಕ್ರವರ್ತಿಯ ಹೆಸರಿನಲ್ಲಿ ಇದನ್ನು 'ಜಿಂಗ್ತಾಯ್ ನೀಲಿ' ಎಂದೇ ಕರೆಯುತ್ತಾರೆ. ಅದೇ ವರ್ಷಗಳಲ್ಲಿ ಬೀದರ ಬಹಮನಿಗಳ ರಾಜಧಾನಿ. ಮಹಮೂದ್ ಗವಾನ ಬೀದರಿಗೆ ಬಂದದ್ದು ೧೪೫೩ರಲ್ಲಿ. ಅವನ ಮದರಸಾ ಮುಗಿದದ್ದು ೧೪೭೨ರಲ್ಲಿ. ಆ ಗೋಡೆಯ ಮೇಲೆ ಇಂದಿಗೂ ಅಲ್ಲಲ್ಲಿ ಉಳಿದ ಬಣ್ಣದ ಹಂಚುಗಳು ಎನಾಮೆಲ್ಲಿನ ಹತ್ತಿರದ ನೆಂಟರು. ಅಲ್ಲಿ ಗಾಜು ಮಣ್ಣನ್ನು ಹಿಡಿದಿದೆ, ಇಲ್ಲಿ ಲೋಹವನ್ನು ಹಿಡಿದಿದೆ.

ನಾನು ಈ ಕೆಲಸವನ್ನು ಪುಸ್ತಕದಲ್ಲಿ ಓದಿ ಬಿಟ್ಟಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನನ್ನ ತಂಗಿಯ ಮಗಳು ಹೈದರಾಬಾದಿನಲ್ಲಿ ನೌಕರಿ ಮಾಡುತ್ತಾಳೆ. ಸಂಜೆ ಮತ್ತು ರಜೆಯ ದಿನಗಳಲ್ಲಿ ಒಂದು ಪುಟ್ಟ ವಿದ್ಯುತ್ ಕುಲುಮೆ ಇಟ್ಟುಕೊಂಡು ಕಿವಿಯ ಓಲೆ, ಪದಕ ಮಾಡುತ್ತಾಳೆ. ಅವಳ ಮೇಜಿನ ಪಕ್ಕ ಕುಳಿತು ನೋಡಿದ್ದೇನೆ, ತಂತಿ ಬಾಗಿಸಿದ್ದೇನೆ.

ಅವಳದು ತಾಮ್ರದ ತಗಡು, ಶುದ್ಧ ಬೆಳ್ಳಿಯ ತಂತಿ. ಬೆಳ್ಳಿ ೯೬೧ ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ತಾಮ್ರ ೧೦೮೫ಕ್ಕೆ. ಆದರೆ ಎರಡೂ ನೇರವಾಗಿ ಮುಟ್ಟಿಕೊಂಡಿದ್ದರೆ ಸುಮಾರು ೭೮೦ ಡಿಗ್ರಿಗೇ ಕೂಡಿ ಕರಗಿಬಿಡುತ್ತವೆ. ಎನಾಮೆಲ್ ಸುಡುವ ಶಾಖವೂ ೭೫೦ರಿಂದ ೮೫೦ರ ಸುಮಾರು. ಆದ್ದರಿಂದ ತಾಮ್ರದ ಮೇಲೆ ಮೊದಲು ಬಣ್ಣವಿಲ್ಲದ ಗಾಜಿನ ಒಂದು ಪದರ ಸುಡಬೇಕು, ಅದರ ಮೇಲೆ ತಂತಿ ನಿಲ್ಲಿಸಬೇಕು. ಎರಡು ಲೋಹಗಳ ನಡುವೆ ಒಂದು ಮರ್ಯಾದೆಯ ಅಂತರ. ಗಾಜಿನ ಪುಡಿಯನ್ನು ನೀರಿನಲ್ಲಿ ತೊಳೆಯಬೇಕು. ಮೇಲಿನ ನೀರು ತಿಳಿಯಾಗುವವರೆಗೆ ಚೆಲ್ಲಿ ಮತ್ತೆ ತೊಳೆಯಬೇಕು. ಇಲ್ಲದಿದ್ದರೆ ಬಣ್ಣ ಮಬ್ಬಾಗುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ಈ ಕೆಲಸ ಯಾರೂ ಕಲಿಸಬೇಕಾಗಿಲ್ಲ. ಅಕ್ಕಿ ತೊಳೆದ ಕೈಗೆ ಅದು ಗೊತ್ತು. ತೊಳೆದ ಪುಡಿಯನ್ನು ಹಸಿಯಾಗಿಯೇ ಕುಂಚದ ತುದಿಯಿಂದ ಗೂಡಿಗೆ ತುಂಬಿ ಆರಲು ಬಿಡಬೇಕು. ತೇವವಿದ್ದರೆ ಶಾಖಕ್ಕೆ ಆವಿಯಾಗಿ ಪುಡಿಯನ್ನೇ ಹಾರಿಸುತ್ತದೆ.

"ಮಾಮಾ, ಗಡಿಬಿಡಿ ಮಾಡಬ್ಯಾಡ್ರಿ. ಇನ್ನಾ ಆರಿಲ್ಲ ಅದು" ಎಂದು ಅವಳು ನನ್ನನ್ನು ತಡೆದದ್ದು ಒಂದೆರಡು ಸಲವಲ್ಲ.

ಸುಡುವುದು ಎರಡು ಮೂರು ನಿಮಿಷದ ಕೆಲಸ. ಒಳಗೆ ಪುಡಿ ಮೊದಲು ಸಕ್ಕರೆಯ ಹಾಗೆ ಕಾಳುಕಾಳಾಗಿ ಕೂಡುತ್ತದೆ, ಆಮೇಲೆ ಕಿತ್ತಳೆ ಸಿಪ್ಪೆಯ ಹಾಗೆ ಉಬ್ಬುತಗ್ಗಾಗುತ್ತದೆ, ಕೊನೆಗೆ ನುಣುಪಾಗಿ ಹೊಳೆಯುತ್ತದೆ. ಹೊರಗೆ ತೆಗೆದಾಗ ಮೊದಲ ಸಲ ನಾನು ಗಾಬರಿಯಾದೆ. ಕೆಂಪು ಕಪ್ಪಾಗಿತ್ತು, ಹಸಿರು ಯಾವುದೆಂದು ತಿಳಿಯಲಿಲ್ಲ.

"ಬಣ್ಣ ಎಲ್ಲಿ ಹೋಯ್ತವ್ವಾ?" ಎಂದೆ.

"ಎಲ್ಲೂ ಹೋಗಿಲ್ರಿ. ಆರ್ಲಿ, ಬರ್ತದ."

ಆರುತ್ತಾ ಆರುತ್ತಾ ಬಣ್ಣಗಳು ಒಂದೊಂದಾಗಿ ಬಂದವು. ಕರಗಿದ ಗಾಜು ತಗ್ಗಿಗೆ ಇಳಿದಿರುತ್ತದೆ. ಮತ್ತೆ ತುಂಬಬೇಕು, ಮತ್ತೆ ಸುಡಬೇಕು. ತಂತಿಯ ಮಟ್ಟಕ್ಕೆ ಗಾಜು ಬರುವವರೆಗೆ ಮೂರು ನಾಲ್ಕು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು. ಆಮೇಲೆ ನೀರು ಹಾಕುತ್ತಾ ಸಾಣೆ. ತಂತಿಯೂ ಗಾಜೂ ಒಂದೇ ಸಮಕ್ಕೆ ಬಂದಾಗ ಬೆರಳಿಗೆ ಎರಡರ ಅಂಚು ಸಿಗುವುದಿಲ್ಲ, ಕಣ್ಣಿಗೆ ಮಾತ್ರ ಕಾಣುತ್ತದೆ.

ಇನ್ನೊಂದು ಮಾತು ಹೇಳಬೇಕು. ತಗಡಿನ ಹಿಂಬದಿಗೂ ಗಾಜು ಬಳಿದು ಸುಡುತ್ತಾರೆ. ಗಾಜು ಕುಗ್ಗುವ ಪ್ರಮಾಣ ಬೇರೆ, ಲೋಹ ಕುಗ್ಗುವ ಪ್ರಮಾಣ ಬೇರೆ. ಒಂದೇ ಬದಿಗೆ ಗಾಜಿದ್ದರೆ ಆರುವಾಗ ತಗಡು ಸೊಟ್ಟಗಾಗುತ್ತದೆ, ಮುಂದಿನ ಚಿತ್ರ ಬಿರುಕು ಬಿಡುತ್ತದೆ. ಯಾರೂ ನೋಡದ ಹಿಂಬದಿ ಎಲ್ಲರೂ ನೋಡುವ ಮುಂಬದಿಯನ್ನು ಕಾಯುತ್ತದೆ. ಉತ್ತರದ ಕುಂದಣದ ಒಡವೆಗಳಲ್ಲಿಯೂ ಮುಂದೆ ಕಲ್ಲು, ಹಿಂದೆ ಮೀನಾ. ಆ ಮೀನಾ ಮುಟ್ಟುವುದು ತೊಟ್ಟವಳ ಚರ್ಮವನ್ನು ಮಾತ್ರ. ಈ ಹಿಂಬದಿಯನ್ನು ಓದುಗರು ನೆನಪಿನಲ್ಲಿಡಬೇಕು.

೩

ಬಿದರಿ ಮೇಲುನೋಟಕ್ಕೆ ಇದರ ವಿರುದ್ಧ ದಿಕ್ಕು. ಅಲ್ಲಿ ಬಣ್ಣಗಳ ಸಂತೆಯಿಲ್ಲ; ಕಪ್ಪು ಒಂದು, ಬೆಳ್ಳಿ ಒಂದು. ಗಾಜಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿದ ಎರಕ; ಹದಿನಾರಕ್ಕೆ ಒಂದು ಎಂಬುದು ಸಾಮಾನ್ಯವಾಗಿ ಹೇಳುವ ಅಳತೆ. ಮಣ್ಣಿನ ಅಚ್ಚಿನಲ್ಲಿ ಹೊಯ್ದು ತೆಗೆದ ವಸ್ತುವನ್ನು ಅರದಿಂದ ಉಜ್ಜಿ ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಗೀಚಿದ ಗೆರೆ ಕಾಣಲಿ ಎಂದು. ಚೂಪಾದ ಮೊಳೆಯಿಂದ ಬಳ್ಳಿ, ಹೂವು ಗೀಚಿ, ಉಳಿಯಿಂದ ಕೊರೆದು, ಆ ಕಾಲುವೆಯಲ್ಲಿ ಬೆಳ್ಳಿ ತಂತಿಯನ್ನು ಸುತ್ತಿಗೆಯಿಂದ ತಟ್ಟಿ ಕೂಡಿಸುತ್ತಾರೆ. ತಂತಿ ಕೂಡಿಸಿದರೆ ತಾರಕಶಿ, ತಗಡು ಕತ್ತರಿಸಿ ಕೂಡಿಸಿದರೆ ತೆಹನಿಶಾನ. ಬಹಮನಿ ಕಾಲದಲ್ಲಿ ಇರಾನಿನಿಂದ ಬಂದ ಕುಶಲಿಯಿಂದ ಇದು ಶುರುವಾಯಿತು ಎಂಬುದು ಬೀದರಿನ ಪರಂಪರೆಯ ಮಾತು. ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂಡಿಸಿದ್ದನ್ನು ನೋಡಿದವರಿಗೆ ಈ ಕಪ್ಪು ಬಿಳುಪಿನ ರುಚಿ ಆ ಊರಿನ ಕಣ್ಣಿನಲ್ಲೇ ಇತ್ತು ಎನ್ನಿಸುತ್ತದೆ.

ಹೂಜಿ, ಹುಕ್ಕಾ, ಪಾನದಾನಗಳ ಕಾಲ ಹೋಯಿತು. ಈಗ ಬಿದರಿಯಲ್ಲಿ ಬಳೆ, ಪದಕ, ಓಲೆ, ಗುಂಡಿಗಳೂ ಆಗುತ್ತವೆ. ಸತುವಿನ ಎರಕ ಬಾಗುವುದಿಲ್ಲ, ಜೋರಾಗಿ ಬಿದ್ದರೆ ಒಡೆಯುತ್ತದೆ. ಆದ್ದರಿಂದ ಬಿದರಿಯ ಬಳೆಗೆ ಬಂಗಾರದ ಬಳೆಯ ಸಲಿಗೆ ಇಲ್ಲ. ತೊಟ್ಟವರು ಅದರ ಸ್ವಭಾವಕ್ಕೆ ಹೊಂದಿಕೊಳ್ಳಬೇಕು.

ಬೀದರಿನ ಒಂದು ಪಡಸಾಲೆಯಲ್ಲಿ ಈ ಕೆಲಸ ನೋಡುತ್ತಾ ಕುಳಿತಾಗ ನನಗೆ ಹೊಳೆದದ್ದು ಒಂದು ಸಣ್ಣ ಸಂಗತಿ. ತಂತಿ ಕೂಡಿಸಿ ಆದ ಮೇಲೆ ವಸ್ತುವನ್ನು ಮತ್ತೆ ಉಜ್ಜಿ ನುಣುಪು ಮಾಡುತ್ತಾರೆ. ಆಗ ಮೈಲುತುತ್ತದ ಕಪ್ಪು ಹೋಗುತ್ತದೆ. ಸತುವೂ ಬಿಳಿ, ಬೆಳ್ಳಿಯೂ ಬಿಳಿ. ದಿನಗಟ್ಟಲೆ ಮಾಡಿದ ಚಿತ್ರ ಕಣ್ಣೆದುರಿಗೇ ಬಹುಪಾಲು ಮಾಯವಾಗಿಬಿಡುತ್ತದೆ. ಅದು ಮರಳಿ ಬರುವುದು ಕೊನೆಯ ಹಂತದಲ್ಲಿ. ಕೋಟೆಯ ಹಳೆಯ ಕಟ್ಟಡಗಳೊಳಗಿನ, ಬಿಸಿಲು ಮಳೆ ಕಾಣದ ಮಣ್ಣನ್ನು ತಂದು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಹಚ್ಚುತ್ತಾರೆ. ಸತುವಿನ ಮೈ ಆಳವಾದ ಕಪ್ಪಾಗುತ್ತದೆ. ಬೆಳ್ಳಿ ಹಾಗೇ ಉಳಿಯುತ್ತದೆ. ಆ ಮಣ್ಣನ್ನು ಅನುಭವಿಗಳು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಒರೆಗಲ್ಲಿಗೂ ಮೊದಲಿನ ಒರೆ ಇದು, ಮನುಷ್ಯನ ನಾಲಿಗೆ.

ಈಗ ಎರಡು ಕೆಲಸಗಳನ್ನು ಪಕ್ಕಪಕ್ಕ ಇಡೋಣ. ಒಂದರಲ್ಲಿ ಕುಲುಮೆಯಿಂದ ಬಂದ ಬಣ್ಣ ಕಾಣುವುದಿಲ್ಲ, ಆರಿದ ಮೇಲೆ ಕಾಣುತ್ತದೆ. ಇನ್ನೊಂದರಲ್ಲಿ ಕೂಡಿಸಿದ ಬೆಳ್ಳಿ ಕಾಣುವುದಿಲ್ಲ, ಮಣ್ಣು ಹಚ್ಚಿದ ಮೇಲೆ ಕಾಣುತ್ತದೆ. ಎರಡರಲ್ಲೂ ಕೆಲಸಗಾರ ಹೆಚ್ಚಿನ ಹೊತ್ತು ಇನ್ನೂ ಕಾಣದ ವಸ್ತುವಿನ ಮೇಲೆ ಕೈ ನಡೆಸುತ್ತಾನೆ. ಮತ್ತು ಎರಡರಲ್ಲೂ ಒಂದು ಗಳಿಗೆಯಲ್ಲಿ ಕೈ ಹಿಂದೆ ಸರಿಯಬೇಕು. ಬೆಂಕಿಯೋ ಮಣ್ಣೋ ಉತ್ತರ ಕೊಡಬೇಕು. ಮಾಡುವವರ ಸುಖ ಇರುವುದು ಇಲ್ಲಿ ಎಂದು ನಾನು ತಿಳಿಯುತ್ತೇನೆ: ಕಾಣದ್ದನ್ನು ನಂಬಿ ಕೈ ನಡೆಸುವ ದೀರ್ಘ ಹೊತ್ತಿನಲ್ಲಿ, ಮತ್ತು ಕೈಬಿಟ್ಟು ಕಾಯುವ ಆ ಸಣ್ಣ ಹೊತ್ತಿನಲ್ಲಿ. ಹೊಳೆಯುವ ವಸ್ತು ಕೈಗೆ ಬರುವ ಹೊತ್ತಿಗೆ ಮಾಡುವವರ ಸುಖ ಬಹುಮಟ್ಟಿಗೆ ಮುಗಿದಿರುತ್ತದೆ, ನೋಡುವವರ ಸುಖ ಶುರುವಾಗುತ್ತದೆ. ನನ್ನ ಸೊಸೆ ಮಾಡಿ ಮುಗಿಸಿದ ಓಲೆಯನ್ನು ಒಂದು ದಿನ ನೋಡಿ ಯಾರಿಗೋ ಕೊಟ್ಟುಬಿಡುತ್ತಾಳೆ. ಅರ್ಧ ಆದದ್ದನ್ನು ಮಾತ್ರ ಯಾರಿಗೂ ಮುಟ್ಟಗೊಡುವುದಿಲ್ಲ.

ಇಷ್ಟು ತಿಳಿದ ಮೇಲೆ ನಾವು ಕಡ ತಂದ ಪದಗಳು ಬೇರೆ ಬೆಳಕಿನಲ್ಲಿ ಕಾಣುತ್ತವೆ. ಎರಕವನ್ನು ನಾವು ಸಿದ್ಧಿಯ ಮಾತಾಗಿ ಬಳಸುತ್ತೇವೆ. ಬಿದರಿಯಲ್ಲಿ ಎರಕ ಮೊದಲ ಮೂಕ ಹಂತ, ಕಲೆ ಶುರುವಾಗುವುದು ಅದರ ಆಮೇಲೆ. ಕುಸುರಿಯನ್ನು ಅಲಂಕಾರವೆಂದು ತಿಳಿದಿದ್ದೇವೆ; ಅಲ್ಲಿ ಅದು ಬೆಳ್ಳಿ ಹಿಡಿದು ನಿಲ್ಲುವಷ್ಟು ಆಳ ತೋಡುವ ಕಷ್ಟದ ಕೆಲಸ. ಪುಟವನ್ನು ಬಾಳಿನಲ್ಲಿ ಒಮ್ಮೆ ಬಂದುಹೋಗುವ ಕಷ್ಟವೆಂದು ಹೇಳುತ್ತೇವೆ. ಮೀನಾದಲ್ಲಿ ವಸ್ತು ಮತ್ತೆ ಮತ್ತೆ ಬೆಂಕಿಗೆ ಹೋಗುತ್ತದೆ, ಪ್ರತಿ ಸಲವೂ ಹಿಂದಿನ ಕೆಲಸವೆಲ್ಲ ಪಣಕ್ಕೆ ಬೀಳುತ್ತದೆ. ಹೆಚ್ಚು ಶಾಖ ತಡೆಯುವ ಬಣ್ಣ ಮೊದಲು, ಕೆಂಪಿನಂಥ ನಾಜೂಕಿನ ಬಣ್ಣ ಕೊನೆಗೆ ಎಂಬ ಜೈಪುರದವರ ಕ್ರಮ ಹುಟ್ಟಿದ್ದು ಈ ಅಪಾಯದಿಂದಲೇ. ಒರೆಗೆ ಹಚ್ಚುವುದೆಂದರೆ ತೀರ್ಪು ಕೊಡುವುದೆಂದು ನಮ್ಮ ಭಾವನೆ. ಅಕ್ಕಸಾಲಿ ಒರೆಗಲ್ಲಿನ ಮೇಲೆ ಗೊತ್ತಿರುವ ಚಿನ್ನದ ಗೆರೆಯನ್ನೂ ಎಳೆದು ಎರಡನ್ನೂ ಹೋಲಿಸುತ್ತಾನೆ. ಗೊತ್ತಿರುವ ಗೆರೆ ಕೈಯಲ್ಲಿಲ್ಲದೆ ಒರೆಗೆ ಹಚ್ಚುವವನನ್ನು ಆ ಪಡಸಾಲೆಯಲ್ಲಿ ಯಾರೂ ಕುಳ್ಳಿರಿಸಿಕೊಳ್ಳುವುದಿಲ್ಲ.

೪

ಮಾಡುವವರ ಸುಖದ ಬಗ್ಗೆ ಮಾತಾಡುವುದರಲ್ಲಿ ಒಂದು ಅಪಾಯವೂ ಇದೆ. 'ಅವರು ದುಡ್ಡಿಗಾಗಿ ಮಾಡುವುದಿಲ್ಲ, ಕಲೆಯ ಆನಂದಕ್ಕಾಗಿ ಮಾಡುತ್ತಾರೆ' ಎಂಬ ಮಾತು ಕೇಳಲು ಹಿತವಾಗಿದೆ. ಅದನ್ನು ಹೇಳುವವರು ಬಹುಪಾಲು ಕೊಳ್ಳುವವರು ಮತ್ತು ಚೌಕಾಸಿ ಮಾಡುವವರು. ನನ್ನ ಸೊಸೆಗೆ ತಿಂಗಳ ಸಂಬಳ ಬೇರೆ ಕಡೆಯಿಂದ ಬರುತ್ತದೆ. ಮೀನಾದ ಓಲೆ ಹಾಳಾದರೆ ಒಂದು ಸಂಜೆ ಹೋಯಿತು ಅಷ್ಟೆ. ಬೀದರಿನ ಕೆಲಸಗಾರನಿಗೆ ವಸ್ತು ಹಾಳಾದರೆ ಬೆಳ್ಳಿ ಹೋಯಿತು, ದಿನದ ದುಡಿಮೆ ಹೋಯಿತು. ಒಬ್ಬಳದು ಕೂಲಿಯ ಹೊರಗಿನ ಸುಖ, ಇನ್ನೊಬ್ಬನದು ಕೂಲಿಯ ಒಳಗಿನ ಸುಖ. ಎರಡೂ ನಿಜ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಸುಖವಿದೆ ಎಂಬ ಕಾರಣಕ್ಕೆ ಕೂಲಿ ಕಡಿಮೆ ಮಾಡುವುದು, ಕೂಲಿ ಕಡಿಮೆ ಎಂಬ ಕಾರಣಕ್ಕೆ ಸುಖವೇ ಸುಳ್ಳು ಎನ್ನುವುದು, ಎರಡೂ ಹೊರಗಿನವರ ಲೆಕ್ಕ. ಕನ್ನಡನಾಡಿನಲ್ಲಿ ಈ ವಿವೇಕ ಹೊಸದಲ್ಲ. ಬೀದರ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಒಟ್ಟಿಗೆ ಹೇಳಿದರು. ಅವರ ನಡುವೆ ಕಿನ್ನರಿ ಬೊಮ್ಮಯ್ಯನಿದ್ದ. ಆತ ಮೂಲತಃ ಅಕ್ಕಸಾಲಿಗನೆಂದು ಪರಂಪರೆ ಹೇಳುತ್ತದೆ.

ಇನ್ನೊಂದು ಅಪಾಯ ಹೆಮ್ಮೆ. ಹೆಮ್ಮೆ ಕೆಟ್ಟದ್ದಲ್ಲ. ೧೮೫೧ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಬಿದರಿ ಇತ್ತು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಅದರ ದೊಡ್ಡ ಸಂಗ್ರಹವಿದೆ. ಭೌಗೋಳಿಕ ಸೂಚಿಕೆಯ ೧೯೯೯ರ ಕಾನೂನು ೨೦೦೩ರಲ್ಲಿ ಜಾರಿಗೆ ಬಂತು. ೨೦೦೬ರಲ್ಲಿ ಬಿದರಿ ಅದರ ಪಟ್ಟಿಗೆ ಸೇರಿತು. ಮಲಯಾಳ ಓದುಗರಿಗೆ ಗೊತ್ತಿರುವ ಆರನ್ಮುಳ ಕಣ್ಣಾಡಿಯೂ ಅದೇ ಪಟ್ಟಿಯಲ್ಲಿದೆ. ೨೦೨೩ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಕಾದ್ರಿಯವರಿಗೆ ಪದ್ಮಶ್ರೀ ಬಂತು. ಅದು ಒಂದು ಜೀವಮಾನದ ಕೈಕೆಲಸಕ್ಕೆ ಸಂದ ಗೌರವ, ನಮಗೆಲ್ಲ ಸಂತೋಷವಾಯಿತು. ಆದರೆ ಸೂಚಿಕೆ ಹೆಸರನ್ನು ಕಾಯುತ್ತದೆ. ಕೈಯನ್ನು ಕಾಯುವುದು ಕಲಿಯಲು ಬರುವ ಹುಡುಗ ಮತ್ತು ಅವನಿಗೆ ಸಿಗುವ ಕೂಲಿ. ಹಳೆಯ ಬಿದರಿ ಪಾತ್ರೆಗಳ ಮೇಲೆ ಮಾಡಿದವರ ಹೆಸರು ಸಿಗುವುದು ಅಪರೂಪ. ಯಾರ ಮನೆಯ ವಸ್ತು, ಯಾವ ಊರಿನದು ಎಂಬುದನ್ನು ನೋಡುವವರು ಬರೆದಿಟ್ಟರು. ಯಾರ ಕೈ ಎಂಬುದನ್ನು ಬಿಟ್ಟರು.

ವೇದಿಕೆಯ ಮೇಲೆ ನಾವು 'ಕನ್ನಡನಾಡಿನ ಬಿದರಿ' ಎನ್ನುತ್ತೇವೆ. ಪಡಸಾಲೆಯಲ್ಲಿ ಅದರ ಪದಗಳು ಪಾರ್ಸಿ, ಉರ್ದು. ಕೆಲಸಗಾರರ ನಡುವೆ ಹರಿಯುವ ಮಾತು ಬಹಳಮಟ್ಟಿಗೆ ದಖನಿ. ಇದರಿಂದ ಬಿದರಿ ನಮ್ಮದಾಗದೆ ಹೋಗುವುದಿಲ್ಲ. ಆದರೆ 'ನಮ್ಮದು' ಎಂಬ ಮಾತಿನ ಅಗಲ ಎಷ್ಟಿರಬೇಕೆಂದು ಅದು ಕೇಳುತ್ತದೆ. ಕಾಸರಗೋಡಿನಲ್ಲಿ ಕನ್ನಡದ ಹೊನ್ನು ಮಲಯಾಳದ ಪೊನ್ನಾಗಿ, ಒರೆಗಲ್ಲು ಉರಕಲ್ಲಾಗಿ, ಅಕ್ಕಸಾಲಿ ತಟ್ಟಾನ್ ಆಗಿ ಒಂದೇ ಬೀದಿಯಲ್ಲಿ ಬಾಳಿದ್ದನ್ನು ಕಂಡ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಗಡಿಯಲ್ಲಿ ಕುಳಿತು ಬರೆಯುವವರಿಗೆ ತಂತಿಯನ್ನು ಗಡಿಗೆ ಹೋಲಿಸುವ ಆಸೆ ಹುಟ್ಟುತ್ತದೆ. ಈ ಕಡೆ ಒಂದು ಬಣ್ಣ, ಆ ಕಡೆ ಒಂದು ಬಣ್ಣ, ನಡುವೆ ಬೆಳ್ಳಿಯ ಗೆರೆ. ಹೋಲಿಕೆ ಚೆಲುವಾಗಿದೆ, ಒರೆಗೆ ನಿಲ್ಲುವುದಿಲ್ಲ. ತಂತಿ ಬಾಗಿಸಿದ ಕೈಗೆ ಗೂಡಿನ ಎರಡೂ ಬದಿ ಗೊತ್ತಿರುತ್ತದೆ. ಎರಡೂ ಬದಿಯನ್ನು ಅದೇ ಕೈ ತುಂಬುತ್ತದೆ. ಒಂದು ತಾಲ್ಲೂಕಿನಿಂದ ಒಂದು ಸರ್ಕಲ್ಲನ್ನು ಕಳೆದು ಇನ್ನೊಂದನ್ನು ಕೂಡಿದ ಕಾಗದಕ್ಕೆ ಯಾವ ಬದಿಯ ಮನೆಯೂ ಗೊತ್ತಿರಲಿಲ್ಲ. ಆದ್ದರಿಂದ ನಾನು ತಂತಿಯನ್ನು ಬಿಟ್ಟು ಹಿಂಬದಿಗೆ ಹೋಗುತ್ತೇನೆ.

೫

ನಮ್ಮ ಅಲ್ಪಸಂಖ್ಯಾತ ಕನ್ನಡ ಮನೆಗಳಲ್ಲಿ ಭಾಷೆ ಎರಡು ರೀತಿಯಲ್ಲಿದೆ. ಒಂದು ಮುಂಬದಿಯ ಕನ್ನಡ: ರಾಜ್ಯೋತ್ಸವದ ದಿನ ತೊಡುವ ಒಡವೆ, ಶಾಲು, ಹಾರ, ಭಾಷಣ. ಇನ್ನೊಂದು ಹಿಂಬದಿಯ ಕನ್ನಡ: ಕಾಳಿನ ಲೆಕ್ಕ, ಹೊ‌ಲದ ಹೆಸರು, ನೆಂಟರ ಬೈಗುಳ, ಮಗುವನ್ನು ಮಲಗಿಸುವ ಮಾತು. ಮೊದಲನೆಯದು ನೋಡುವವರದು, ಎರಡನೆಯದು ಮಾಡುವವರದು. ಮಕ್ಕಳು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಓದುವ ನಮ್ಮ ಕಡೆಯ ಮನೆಗಳಲ್ಲಿ, ಮಲಯಾಳದಲ್ಲಿ ಓದುವ ನಿಮ್ಮ ಕಡೆಯ ಮನೆಗಳಲ್ಲಿ, ಮುಂಬದಿಗೆ ಕೊರತೆ ಇಲ್ಲ. ಹಿಂಬದಿಯ ಪದರ ತೆಳುವಾಗುತ್ತಿದೆ. ಅದು ಯಾರಿಗೂ ಕಾಣುವುದಿಲ್ಲವಾದ್ದರಿಂದ ಯಾರೂ ಅದರ ಬಗ್ಗೆ ನಿರ್ಣಯ ಮಂಡಿಸುವುದಿಲ್ಲ. ಮುಂಬದಿಯಲ್ಲಿ ಬಿರುಕು ಬಿಟ್ಟಾಗ ಮಾತ್ರ ಗಾಬರಿಯಾಗುತ್ತೇವೆ.

ಶಾಲೆ ಬೇಡ, ಹಕ್ಕು ಬೇಡ, ಸಭೆ ಬೇಡ ಎಂದು ನಾನು ಹೇಳುತ್ತಿಲ್ಲ. ಅವು ಬಿದರಿ ಕೆಲಸಗಾರನ ಕೂಲಿ ಇದ್ದ ಹಾಗೆ. ಅವಿಲ್ಲದೆ ಸುಖದ ಮಾತು ಬರೀ ಮಾತು. ಆದರೆ ಮಗು ಕನ್ನಡವನ್ನು ಹಿಡಿದುಕೊಳ್ಳುವುದು ನಮ್ಮ ಹೆಮ್ಮೆಯನ್ನು ನೋಡಿ ಅಲ್ಲ. ಆ ಭಾಷೆಯಲ್ಲಿ ತಾನೇ ಏನನ್ನಾದರೂ ಮಾಡಿ, ಆಗುವುದೋ ಇಲ್ಲವೋ ಎಂದು ಕಾದು, ಆಯಿತು ಎಂದು ಕಂಡಾಗ. ಅಜ್ಜಿಗೆ ಬರೆದ ನಾಲ್ಕು ಸಾಲು, ಅಂಗಡಿಯ ಚೀಟಿ, ಹೇಳಿದ ಕಥೆಯ ತಪ್ಪು ಒಪ್ಪು, ಇಷ್ಟರಲ್ಲಿ ಆ ಸುಖ ಇದೆ.

ನನ್ನ ಸೊಸೆಯ ಮೇಜಿನ ಮೇಲೆ ಬಣ್ಣದ ಪುಡಿಯ ಡಬ್ಬಿಗಳಿವೆ. ಕಂಪನಿಯವರ ಇಂಗ್ಲಿಷ್ ಹೆಸರಿನ ಮೇಲೆ ಅವಳು ಕಾಗದ ಅಂಟಿಸಿದ್ದಾಳೆ: ನೀಲಿ, ಹಸರು, ಕೆಂಪು, ಬಿಳಿ. ಕುಲುಮೆಯ ಪಕ್ಕದ ಚೀಟಿಯಲ್ಲಿ 'ಆರ್ಲಿ' ಎಂದು ಒಂದೇ ಪದ. ಪದಗಳು ಕನ್ನಡ, ಬರೆದ ಅಕ್ಷರ ತೆಲುಗು. ಅವಳು ಕಲಿತದ್ದು ಆ ಅಕ್ಷರವನ್ನೇ. ಸಭೆಯಲ್ಲಿ ಇದನ್ನು ಹೇಳಿದರೆ ಕೆಲವರು ಭಾಷೆ ಹೋಯಿತು ಎಂದು ಮರುಗಬಹುದು. ನನಗೆ ಹಾಗೆ ಕಾಣಲಿಲ್ಲ. ಕೆಲಸ ಮಾಡುವ ಹೊತ್ತಿನಲ್ಲಿ, ಯಾರಿಗೂ ತೋರಿಸಬೇಕಾಗಿಲ್ಲದ ಜಾಗದಲ್ಲಿ, ಅವಳ ಕೈ ಕನ್ನಡವನ್ನು ಕರೆದಿತ್ತು. ತೆಲುಗು ಕನ್ನಡ ಲಿಪಿಗಳು ಅಕ್ಕತಂಗಿಯರು. ಒಂದು ಬಲ್ಲವರು ಇನ್ನೊಂದಕ್ಕೆ ದಾಟಲು ಬಹಳ ದಿನ ಬೇಕಾಗುವುದಿಲ್ಲ. ಮಲಯಾಳದಿಂದ ಕನ್ನಡಕ್ಕೆ ದಾರಿ ಸ್ವಲ್ಪ ದೂರ, ಆದರೆ ದಾರಿ ಇದೆ. ಈ ವಾರ್ಷಿಕದ ಎಡಬಲ ಪುಟಗಳೇ ಅದಕ್ಕೆ ಸಾಕ್ಷಿ. ಅಕ್ಷರವನ್ನು ಕಲಿಸಬಹುದು. ಕೈ ಕರೆಯದ ಪದವನ್ನು ಅಕ್ಷರ ಉಳಿಸುವುದಿಲ್ಲ.

ವಿಮರ್ಶೆಯ ಕೆಲಸವೂ ಇಲ್ಲಿಂದಲೇ ಮತ್ತೆ ಶುರುವಾಗಬೇಕು. ಗಡಿಯ ಬರಹವನ್ನು ನಾವು ಅಭಿಮಾನದ ತಕ್ಕಡಿಯಲ್ಲಿ ಸಾಕಷ್ಟು ತೂಗಿದ್ದೇವೆ. ಇನ್ನು ಮುಂದೆ ಒಂದು ಕಥೆ, ಒಂದು ಕವಿತೆ ಕೈಗೆ ಬಂದಾಗ ಅದರ ಹಿಂಬದಿಯನ್ನು ತಿರುಗಿಸಿ ನೋಡೋಣ: ಬರೆದವರ ಮನೆಯಲ್ಲಿ ನಿತ್ಯ ಆಡಿದ ಮಾತು ಅಲ್ಲಿ ಹತ್ತಿದೆಯೇ, ಎಷ್ಟು ಸಲ ಬೆಂಕಿಗೆ ಹೋಗಿ ಬಂದಿದೆ, ಆರಲು ಬಿಟ್ಟಿದ್ದಾರೆಯೇ ಅಥವಾ ನವೆಂಬರ್ ಒಂದರೊಳಗೆ ಮುಗಿಯಲಿ ಎಂದು ಗಡಿಬಿಡಿ ಮಾಡಿದ್ದಾರೆಯೇ. ಹಿಂಬದಿ ಗಟ್ಟಿಯಿದ್ದರೆ ಮುಂಬದಿಯ ಹೊಳಪಿನ ಬಗ್ಗೆ ನಾವು ಹೆಚ್ಚು ಹೇಳಬೇಕಾಗುವುದಿಲ್ಲ.